ಆವೇಶದ ಮಾತನ್ನು ಮೂಳೆಗೆ ಮುಟ್ಟಿಸುವವರು ಯಾರು?

ಜೀವಕೋಶ ಬೆಳೆಸುವ ಪ್ರಯೋಗಾಲಯದಲ್ಲಿ ತೀರಾ ಅಗ್ಗದ ಸಾಮಾನೆಂದರೆ ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ. ಗಾಜಿನಂತೆ ತಿಳಿಯಾದ ಪಾಲಿಸ್ಟೈರೀನ್. ಒಮ್ಮೆ ಬಳಸಿ ಬಿಸಾಡುವಂಥದ್ದು. ಅಚ್ಚಿನಿಂದ ಹೊರಬಿದ್ದ ತಟ್ಟೆಗೆ ಹಾಗೇ ಕೋಶಗಳನ್ನು ಸುರಿದರೆ ಅವು ನೆಲ ಹಿಡಿಯುವುದಿಲ್ಲ. ದುಂಡಗೆ ಮುದುಡಿಕೊಂಡು, ಒಂದಕ್ಕೊಂದು ತಗುಲಿ ಗೊಂಚಲಾಗಿ ತೇಲುತ್ತವೆ, ಹಲವು ಸಾಯುತ್ತವೆ. ಆದ್ದರಿಂದ ಕಾರ್ಖಾನೆಯಲ್ಲಿ ಆ ತಟ್ಟೆಯ ಮೇಲೆ ವಿದ್ಯುತ್ ಕಿಡಿಯನ್ನೋ ಆಮ್ಲಜನಕದ ಪ್ಲಾಸ್ಮಾವನ್ನೋ ಹಾಯಿಸುತ್ತಾರೆ. ಪ್ಲಾಸ್ಟಿಕ್ಕಿನ ಮೇಲ್ಪದರಕ್ಕೆ ಆಮ್ಲಜನಕ ಹೊತ್ತ ರಾಸಾಯನಿಕ ಗುಂಪುಗಳು ಅಂಟಿಕೊಂಡು, ನೀರು ಬಿದ್ದೊಡನೆ ಮೇಲ್ಮೈಗೆ ತುಸು ಋಣ ವಿದ್ಯುದಾವೇಶ ಬರುತ್ತದೆ. ಈಗ ಅದೇ ಕೋಶ ಕೆಲವೇ ಗಂಟೆಗಳಲ್ಲಿ ಚಪ್ಪಟೆಯಾಗಿ, ನಾಲ್ಕೂ ಕಡೆ ಕಾಲು ಚಾಚಿ, ತನ್ನದೇ ಮನೆಯೆಂಬಂತೆ ಕೂರುತ್ತದೆ. ಮೂಳೆ ಬೆಳೆಸುವ ‘ವಿದ್ಯುತ್ ವಸ್ತು’ಗಳ ಸುದ್ದಿಯನ್ನು ಹೊಸ ಪವಾಡವೆಂಬಂತೆ ಓದುವವರು ಈ ತಟ್ಟೆಯನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಆವೇಶ ಹೊತ್ತ ಮೇಲ್ಮೈ ಕೋಶಗಳ ನಡವಳಿಕೆಯನ್ನು ಬದಲಿಸುತ್ತದೆ ಎಂಬುದನ್ನು ಜೀವಶಾಸ್ತ್ರ ದಶಕಗಳಿಂದ ದಿನನಿತ್ಯ ಬಳಸುತ್ತಲೇ ಇದೆ. ಹೇಗೆ ಬದಲಿಸುತ್ತದೆ ಎಂಬುದನ್ನು ವಿಚಾರಿಸಿದ್ದು ಮಾತ್ರ ಸಾಕಷ್ಟು ತಡವಾಗಿ.

ಕನ್ನಡ ಮಾಧ್ಯಮದ ಭೌತಶಾಸ್ತ್ರ ಪುಸ್ತಕಗಳು ‘ಚಾರ್ಜ್’ ಎಂಬುದಕ್ಕೆ ಆವೇಶ ಎಂಬ ಪದ ಆರಿಸಿದ್ದು ಸಂಸ್ಕೃತದ ದಾರಿಯಲ್ಲಿ. ಆದರೆ ನಮ್ಮ ಊರುಗಳಲ್ಲಿ ಆವೇಶವೆಂದರೆ ಮೈಮೇಲೆ ಬರುವುದು. ಹಾಗೆ ಮೈತುಂಬಿದವರ ಮಾತು ನೆರೆದವರಿಗೆ ನೇರವಾಗಿ ಅರ್ಥವಾಗುವುದು ಕಡಿಮೆ. ಪಕ್ಕದಲ್ಲಿ ನಿಂತ ಒಬ್ಬರು ಅದನ್ನು ಬಿಡಿಸಿ ಹೇಳಬೇಕು. ನಾನು ಇಲ್ಲಿ ವಾದಿಸಲು ಹೊರಟಿರುವುದು ಸರಿಸುಮಾರು ಇದನ್ನೇ. ಕೃತಕ ಮೂಳೆಯ ಅಥವಾ ಲೋಹದ ಕಸಿಯ ಮೇಲ್ಮೈಯಲ್ಲಿರುವ ಆವೇಶಕ್ಕೂ ಅದರ ಮೇಲೆ ಕುಳಿತ ಆಕರಕೋಶಕ್ಕೂ (ಸ್ಟೆಮ್ ಸೆಲ್) ನೇರ ಮಾತುಕತೆ ಬಹುಮಟ್ಟಿಗೆ ಇಲ್ಲ. ನಡುವೆ ದುಬಾಷಿಗಳಿದ್ದಾರೆ: ನೀರು, ಕ್ಯಾಲ್ಸಿಯಂ ಅಯಾನು, ರಕ್ತದಿಂದ ಬಂದ ಪ್ರೋಟೀನು. ಆಕರಕೋಶ ಮೂಳೆಕೋಶವಾಗುವುದೋ ಕೊಬ್ಬಿನ ಕೋಶವಾಗುವುದೋ ಎಂಬ ತೀರ್ಮಾನ ಈ ದುಬಾಷಿಗಳು ಏನು ಹೇಳುತ್ತಾರೆ ಎಂಬುದರ ಮೇಲೆ ನಿಂತಿದೆ. ಹಾಗಾಗಿ ‘ಮೂಳೆಗೆ ಧನಾವೇಶ ಒಳ್ಳೆಯದೋ ಋಣಾವೇಶವೋ’ ಎಂದು ಮೂವತ್ತು ವರ್ಷಗಳಿಂದ ನಡೆದಿರುವ ಜಗಳದಲ್ಲಿ ಪ್ರಶ್ನೆಯೇ ತಪ್ಪಾಗಿದೆ.

ಈ ಕಥೆಗೆ ಮೂಳೆಯೇ ಮೊದಲ ಪಾತ್ರ. ಭಾರ ಬಿದ್ದ ಕಡೆ ಮೂಳೆ ದಪ್ಪವಾಗುತ್ತದೆ, ಭಾರ ತಪ್ಪಿದ ಕಡೆ ಸವೆಯುತ್ತದೆ ಎಂದು ಜರ್ಮನಿಯ ಶಸ್ತ್ರವೈದ್ಯ ಯೂಲಿಯುಸ್ ವೋಲ್ಫ್ 1892ರಲ್ಲೇ ಬರೆದಿದ್ದರು. ಭಾರ ಬಿದ್ದದ್ದು ಮೂಳೆಗೆ ತಿಳಿಯುವುದು ಹೇಗೆ ಎಂಬುದು ಉಳಿದುಕೊಂಡ ಪ್ರಶ್ನೆ. ಜಪಾನಿನ ಮೂಳೆವೈದ್ಯ ಇವಾವೊ ಯಸುದ 1950ರ ದಶಕದಲ್ಲಿ ಮೂಳೆಗೆ ಸಣ್ಣ ವಿದ್ಯುತ್ ಪ್ರವಾಹ ಹರಿಸಿದಾಗ ಋಣ ತುದಿಯ ಸುತ್ತ ಹೊಸ ಮೂಳೆ ಕಟ್ಟಿದ್ದನ್ನು ಕಂಡರು. ಭೌತವಿಜ್ಞಾನಿ ಎಯಿಚಿ ಫುಕಾದ ಅವರ ಜೊತೆ ಸೇರಿ 1957ರಲ್ಲಿ ಅವರು ಪ್ರಕಟಿಸಿದ ಲೇಖನ ಇಂದಿಗೂ ಈ ಕ್ಷೇತ್ರದ ಮೂಲಪಾಠ: ಮನುಷ್ಯನ ಮತ್ತು ಎತ್ತಿನ ತೊಡೆಮೂಳೆಯ ಒಣಗಿಸಿದ ತುಂಡುಗಳನ್ನು ಒತ್ತಿದಾಗ ಅವುಗಳಲ್ಲಿ ವಿದ್ಯುತ್ತು ಹುಟ್ಟುತ್ತದೆ. ಗ್ಯಾಸ್ ಲೈಟರಿನ ಗುಂಡಿ ಒತ್ತಿದಾಗ ಕಿಡಿ ಹಾರುವುದಕ್ಕೆ ಕಾರಣವಾದ ಪೀಜೋವಿದ್ಯುತ್ ಗುಣವೇ ಅದು, ಪ್ರಮಾಣದಲ್ಲಿ ಮಾತ್ರ ತೀರಾ ಕಿರಿದು. ಮೂಳೆಯೊಳಗಿನ ಕೊಲಾಜೆನ್ ಎಳೆಗಳು ಜಾರಿ ವಾಲುವುದರಿಂದ ಬರುವಂಥದ್ದು. 1962ರಲ್ಲಿ ಅಮೆರಿಕದ ಆಂಡ್ರ್ಯೂ ಬ್ಯಾಸೆಟ್ ಮತ್ತು ರಾಬರ್ಟ್ ಬೆಕರ್ ಬಾಗಿಸಿದ ಮೂಳೆಯ ಅದುಮಿದ ಬದಿ ಋಣವಾಗುತ್ತದೆ ಎಂದರು. ಅದುಮಿದ ಬದಿಯಲ್ಲೇ ಮೂಳೆ ಬೆಳೆಯುವುದು. ಋಣ ಎಂದರೆ ಬೆಳವಣಿಗೆ ಎಂಬ ಸಮೀಕರಣ ಅಲ್ಲಿಂದ ಗಟ್ಟಿಯಾಯಿತು. ಸೊಗಸಾದ ಸಮೀಕರಣವೇನೋ ಹೌದು. ಸೊಗಸೇ ಅದರ ಅಪಾಯ. ಜೀವಂತ ಮೂಳೆ ಒಣ ತುಂಡಲ್ಲ, ಒದ್ದೆ ಸ್ಪಂಜು. ಒದ್ದೆ ಮೂಳೆಯಲ್ಲಿ ಅಳತೆಗೆ ಸಿಗುವ ವೋಲ್ಟೇಜಿನ ಬಹುಪಾಲು, ಸೂಕ್ಷ್ಮ ಕಾಲುವೆಗಳಲ್ಲಿ ಉಪ್ಪುನೀರು ಹರಿದಾಗ ಗೋಡೆಯ ಆವೇಶದ ಪಕ್ಕದ ಅಯಾನುಗಳು ಕೊಚ್ಚಿಹೋಗುವುದರಿಂದ ಹುಟ್ಟುತ್ತದೆ ಎಂದು ಮುಂದಿನ ಎರಡು ದಶಕಗಳ ಕೆಲಸ ತೋರಿಸಿತು. ಅಲ್ಲೂ ಆವೇಶವಿದೆ ಸರಿ, ಆದರೆ ಆಗಲೇ ನೀರು ಮತ್ತು ಅಯಾನು ನಡುವೆ ಬಂದು ನಿಂತಿವೆ.

ಇಲ್ಲೊಂದು ಗೊಂದಲವನ್ನು ಬಿಡಿಸಿಟ್ಟುಬಿಡಬೇಕು. ಯಸುದ ಅವರ ದಾರಿ ಹಿಡಿದವರು ಮೂಳೆಗೆ ಹೊರಗಿನಿಂದ ವಿದ್ಯುತ್ತು ಅಥವಾ ಮಿಡಿಯುವ ಕಾಂತಕ್ಷೇತ್ರ ಕೊಡುವ ಉಪಕರಣಗಳನ್ನು ತಯಾರಿಸಿದರು. ಕೂಡದ ಮುರಿತಗಳಿಗೆ ಅವನ್ನು ಬಳಸಲು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1979ರಲ್ಲಿ ಒಪ್ಪಿಗೆ ಕೊಟ್ಟಿತು. ಐದು ವರ್ಷಗಳ ಬಳಿಕ, 1984ರಲ್ಲಿ, ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ಪುಟ್ಟ ಪ್ರಯೋಗದ ಮಧ್ಯಂತರ ವರದಿ ಬಂತು. ಮೊಣಕಾಲ ಕೆಳಗಿನ ಮೂಳೆ ಕೂಡದ ಹದಿನಾರು ರೋಗಿಗಳು. ಯಾರಿಗೆ ನಿಜವಾದ ಯಂತ್ರ, ಯಾರಿಗೆ ಖಾಲಿ ಡಬ್ಬಿ ಎಂಬುದು ರೋಗಿಗೂ ವೈದ್ಯರಿಗೂ ಗೊತ್ತಿಲ್ಲ. ನಿಜವಾದ ಯಂತ್ರ ಕಟ್ಟಿಕೊಂಡ 9 ಮಂದಿಯಲ್ಲಿ 5 ಮಂದಿಗೆ ಮೂಳೆ ಕೂಡಿತು. ಖಾಲಿ ಡಬ್ಬಿಯ 7 ಮಂದಿಯಲ್ಲೂ 5 ಮಂದಿಗೆ ಕೂಡಿತು. ಕಾಲನ್ನು ಅಲುಗಾಡದಂತೆ ತಿಂಗಳುಗಟ್ಟಲೆ ಕಟ್ಟಿಟ್ಟಿದ್ದೇ ಔಷಧವಾಗಿತ್ತೋ ಏನೋ. ಆಮೇಲಿನ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿದ ವಿಶ್ಲೇಷಣೆಗಳು ಇಷ್ಟು ನಿರಾಶಾದಾಯಕವಲ್ಲ. ಕೆಲಮಟ್ಟಿನ ಲಾಭವನ್ನು ಅವು ಒಪ್ಪುತ್ತವೆ. ಅದೇನೇ ಇರಲಿ, ಹೊರಗಿನ ಯಂತ್ರದ ಗೆಲುವನ್ನಾಗಲಿ ಸೋಲನ್ನಾಗಲಿ ಆವೇಶ ಹೊತ್ತ ಮೇಲ್ಮೈಯ ಲೆಕ್ಕಕ್ಕೆ ಬರೆಯುವುದು ತಪ್ಪು. ಯಂತ್ರದ ಕ್ಷೇತ್ರ ಅಂಗಾಂಶದ ಉದ್ದಕ್ಕೂ ಹಾಯುತ್ತದೆ; ಮೇಲ್ಮೈಯ ಆವೇಶ ಇದ್ದಲ್ಲೇ ಇರುತ್ತದೆ. ಎರಡನ್ನೂ ‘ವಿದ್ಯುತ್ ಚಿಕಿತ್ಸೆ’ ಎಂಬ ಒಂದೇ ಚೀಲಕ್ಕೆ ತುಂಬುವ ಲೇಖನಗಳು ಇಂದಿಗೂ ಬರುತ್ತಿವೆ.

ಮೇಲ್ಮೈಯ ಪರವಾಗಿ ಇರುವ ಸಾಕ್ಷ್ಯಗಳಲ್ಲಿ ನನಗೆ ಅತಿ ಶುದ್ಧವೆನಿಸುವುದು ಒಂದು ಬಿಳಿ ಬಿಲ್ಲೆಯ ಸಾಕ್ಷ್ಯ. ಮೂಳೆಯ ಖನಿಜ ಹೈಡ್ರಾಕ್ಸಿಅಪಟೈಟ್. ಕ್ಯಾಲ್ಸಿಯಂ, ಫಾಸ್ಫೇಟು ಮತ್ತು ಹೈಡ್ರಾಕ್ಸಿಲ್ ಸೇರಿದ ಹರಳು. ಆ ಹರಳಿನೊಳಗೆ ಹೈಡ್ರಾಕ್ಸಿಲ್ ಅಯಾನುಗಳು ಮಗ್ಗದ ಹಾಸಿನ ಎಳೆಗಳಂತೆ ಸಾಲುಸಾಲಾಗಿ ನಿಂತಿರುತ್ತವೆ. ಹುಡಿಯನ್ನು ಅದುಮಿ, ಸುಟ್ಟು, ನಾಣ್ಯದಂಥ ಬಿಲ್ಲೆ ಮಾಡಿ, ಎರಡೂ ಮುಖಗಳಿಗೆ ಲೋಹದ ತಗಡು ಒತ್ತಿ, ಮುನ್ನೂರು ನಾನೂರು ಡಿಗ್ರಿ ಸೆಲ್ಸಿಯಸ್ಸಿಗೆ ಕಾಯಿಸಿ ಸಾವಿರಾರು ವೋಲ್ಟಿನ ಕ್ಷೇತ್ರ ಹಾಯಿಸಿದರೆ, ಆ ಸಾಲುಗಳಲ್ಲಿನ ಪ್ರೋಟಾನುಗಳು ಒಂದು ಹೈಡ್ರಾಕ್ಸಿಲ್‌ನಿಂದ ಪಕ್ಕದ್ದಕ್ಕೆ ಜಿಗಿಯುತ್ತ ಒಂದೇ ದಿಕ್ಕಿಗೆ ಸರಿಯುತ್ತವೆ. ಕ್ಷೇತ್ರ ತೆಗೆಯದೆ ತಣ್ಣಗಾಗಿಸಿದರೆ ಅವು ಸರಿದಲ್ಲೇ ಹೆಪ್ಪುಗಟ್ಟುತ್ತವೆ. ತಗಡು ತೆಗೆದ ಮೇಲೆ ಕೈಯಲ್ಲಿ ಉಳಿಯುವುದು ಒಂದು ಮುಖ ಧನ, ಇನ್ನೊಂದು ಮುಖ ಋಣವಾದ ಬಿಲ್ಲೆ. ರಾಸಾಯನಿಕವಾಗಿ ಅದೇ ವಸ್ತು, ಅದೇ ಒರಟುತನ, ಅದೇ ಗಡಸು, ಬೇರೆಯಾದದ್ದು ಆವೇಶವೊಂದೇ. ಜಪಾನಿನ ಕಿಮಿಹಿರೊ ಯಮಾಶಿತ ಮತ್ತು ಸಂಗಡಿಗರು 1996ರಲ್ಲಿ ಇಂಥ ಬಿಲ್ಲೆಯನ್ನು ರಕ್ತದ ಲವಣಗಳಿಗೆ ಸಮನಾದ ದ್ರಾವಣದಲ್ಲಿ ಮುಳುಗಿಸಿದಾಗ ಋಣ ಮುಖದ ಮೇಲೆ ಮೂಳೆಯಂಥ ಹರಳು ಬೇಗ ಕಟ್ಟಿತು, ಧನ ಮುಖದ ಮೇಲೆ ತಡವಾಯಿತು. 2009ರಲ್ಲಿ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಸುಸ್ಮಿತಾ ಬೋಸ್, ಅಮಿತ್ ಬಂದೋಪಾಧ್ಯಾಯ ಅವರ ತಂಡ ಮಾನವ ಮೂಳೆಕೋಶಗಳನ್ನು ಬಿತ್ತಿ ನೋಡಿದಾಗಲೂ ಋಣ ಮುಖವೇ ಗೆದ್ದಿತು. ಆವೇಶಕ್ಕೆ ಪ್ರಭಾವವೇ ಇಲ್ಲ ಎನ್ನುವವರು ಈ ಬಿಲ್ಲೆಗೆ ಉತ್ತರ ಕೊಡಬೇಕಾಗುತ್ತದೆ. ಆದರೆ ಯಮಾಶಿತ ಅವರ ದ್ರಾವಣದಲ್ಲಿ ಕೋಶಗಳೇ ಇರಲಿಲ್ಲ ಎಂಬುದನ್ನೂ ಗಮನಿಸಿ. ಜೀವವಿಲ್ಲದ ಉಪ್ಪುನೀರಿನಲ್ಲೇ ಎರಡು ಮುಖಗಳ ಹಣೆಬರಹ ಬೇರೆಯಾಗಿಹೋಗಿತ್ತು. ಬೋಸ್ ಅವರ ತಂಡ ಇನ್ನೊಂದನ್ನೂ ಗುರುತಿಸಿತು: ಆವೇಶ ಬದಲಾದರೆ ನೀರು ಆ ಮೇಲ್ಮೈಯ ಮೇಲೆ ಹರಡುವ ರೀತಿಯೂ ಬದಲಾಗುತ್ತದೆ. ಕೋಶ ಬರುವ ಹೊತ್ತಿಗೆ ನೀರು, ಅಯಾನುಗಳು ಆಗಲೇ ತಮ್ಮ ಕೆಲಸ ಮುಗಿಸಿರುತ್ತವೆ.

ಕೋಶಕ್ಕೆ ಆವೇಶ ನೇರವಾಗಿ ಯಾಕೆ ಕಾಣುವುದಿಲ್ಲ ಎಂಬುದಕ್ಕೆ ಭೌತಶಾಸ್ತ್ರದಲ್ಲಿ ಒಂದು ಸರಳ ಅಳತೆ ಇದೆ. ಆವೇಶ ಹೊತ್ತ ಯಾವುದೇ ಮೇಲ್ಮೈಯನ್ನು ಉಪ್ಪುನೀರಿನಲ್ಲಿ ಮುಳುಗಿಸಿದರೆ ವಿರುದ್ಧ ಆವೇಶದ ಅಯಾನುಗಳು ಅದನ್ನು ಮುತ್ತಿಕೊಂಡು, ಕಂಬಳಿ ಹೊದಿಸಿದಂತೆ ಮರೆಮಾಡುತ್ತವೆ. ಎಷ್ಟು ದೂರದಲ್ಲಿ ಆವೇಶದ ಪ್ರಭಾವ ಗಣನೀಯವಾಗಿ ಕುಂದುತ್ತದೆ ಎಂಬುದಕ್ಕೆ ಡಿಬೈ ಉದ್ದ ಎಂಬ ಹೆಸರು. ನಮ್ಮ ದೇಹದ್ರವದಷ್ಟು ಉಪ್ಪಿರುವ ನೀರಿನಲ್ಲಿ ಅದು ಸುಮಾರು 0.8 ನ್ಯಾನೋಮೀಟರ್, ಅಂದರೆ ಕೆಲವೇ ನೀರಿನ ಅಣುಗಳ ಅಗಲ. ಕೋಶವಾದರೋ ತಾನು ಅತಿ ಬಿಗಿಯಾಗಿ ಹಿಡಿದುಕೊಂಡ ಜಾಗದಲ್ಲೂ ಮೇಲ್ಮೈಯಿಂದ ಹತ್ತು ಹದಿನೈದು ನ್ಯಾನೋಮೀಟರ್ ಮೇಲಿರುತ್ತದೆ. ಉಳಿದೆಡೆ ಇನ್ನೂ ದೂರ. ಊರಾಚೆಯ ಗುಡಿಯಲ್ಲಿ ಉಸುರಿದ ಪಿಸುಮಾತು ಊರೊಳಗೆ ಕೇಳಿಸಬೇಕೆಂದರೆ ಹೇಗಾದೀತು? ಕೋಶದ ಹೊರಮೈ ಕೂಡ ಸಯಾಲಿಕ್ ಆಮ್ಲದಂಥ ಸಕ್ಕರೆಗಳಿಂದಾಗಿ ಒಟ್ಟಾರೆ ಋಣವಾಗಿಯೇ ಇದೆ. ನೇರ ಆಕರ್ಷಣೆಯೊಂದೇ ಲೆಕ್ಕಕ್ಕೆ ಬರುವುದಾದರೆ ಋಣ ತಟ್ಟೆಯಿಂದ ಅದು ದೂರ ಸರಿಯಬೇಕಿತ್ತು. ಸರಿಯುವುದಿಲ್ಲ, ಕಾಲು ಚಾಚಿ ಕೂರುತ್ತದೆ.

ಕೂರುವುದು ತಟ್ಟೆಯ ಮೇಲಲ್ಲ, ತಟ್ಟೆಗೆ ಮೊದಲೇ ಬಂದು ಅಂಟಿದ ಪ್ರೋಟೀನಿನ ಮೇಲೆ. ಕಸಿಯೊಂದು ರಕ್ತ ಮುಟ್ಟಿದ ಕ್ಷಣದಲ್ಲೇ ನೀರು ಬರುತ್ತದೆ. ಸೆಕೆಂಡುಗಳಲ್ಲಿ ಆಲ್ಬುಮಿನ್, ಫೈಬ್ರೊನೆಕ್ಟಿನ್, ವಿಟ್ರೊನೆಕ್ಟಿನ್ ಬರುತ್ತವೆ. ಕೋಶ ತಲುಪುವುದು ಆಮೇಲೆ. ಆಟ ಶುರುವಾಗುವ ಹೊತ್ತಿಗೆ ಚಾಪೆ ಹಾಸಿ ಆಗಿರುತ್ತದೆ. ಯಾವ ಪ್ರೋಟೀನು ಎಷ್ಟು ಅಂಟಬೇಕು, ಅಂಟಿದ ಮೇಲೆ ಮುದುಡಿರಬೇಕೋ ಬಿಚ್ಚಿಕೊಳ್ಳಬೇಕೋ ಎಂಬುದನ್ನು ಒಂದು ನ್ಯಾನೋಮೀಟರ್‌ಗೂ ಕಡಿಮೆ ದೂರದಲ್ಲಿ ನಿಶ್ಚಯಿಸುವುದರಲ್ಲಿ ಆವೇಶದ ಕೈವಾಡವಿದೆ. ಆ ದೂರದಲ್ಲಿ ಅದು ನಿಜಕ್ಕೂ ಬಲಶಾಲಿ. ಹೈಡ್ರಾಕ್ಸಿಅಪಟೈಟ್‌ನ ವಿಷಯದಲ್ಲಂತೂ ಇದು ಜೀವರಸಾಯನಶಾಸ್ತ್ರಜ್ಞರಿಗೆ ಎಂದಿನಿಂದಲೋ ಗೊತ್ತಿರುವ ಕಸುಬು. ಸ್ವೀಡನ್ನಿನ ಆರ್ನೆ ಟಿಸೇಲಿಯಸ್ ಮತ್ತು ಸಂಗಡಿಗರು 1956ರಲ್ಲೇ ಈ ಖನಿಜದ ಹುಡಿಯನ್ನು ಕೊಳವೆಗೆ ತುಂಬಿ ಪ್ರೋಟೀನುಗಳನ್ನು ಜರಡಿ ಹಿಡಿದು ಬೇರ್ಪಡಿಸುವ ವಿಧಾನ ಕೊಟ್ಟಿದ್ದರು. ಆಮ್ಲೀಯ ಪ್ರೋಟೀನುಗಳು ಹರಳಿನ ಕ್ಯಾಲ್ಸಿಯಂ ತಾಣಗಳಿಗೆ, ಪ್ರತ್ಯಾಮ್ಲೀಯವು ಫಾಸ್ಫೇಟು ತಾಣಗಳಿಗೆ ಅಂಟುತ್ತವೆ. ಮೂಳೆಯ ಖನಿಜವೇ ಆವೇಶ ನೋಡಿ ಪ್ರೋಟೀನು ಆರಿಸುವ ಜರಡಿ ಎಂಬುದು ಗೊತ್ತಿದ್ದೂ, ಕೋಶದ ಮೇಲಿನ ಪ್ರಭಾವವನ್ನು ವಿವರಿಸುವಾಗ ಆ ಜರಡಿಯನ್ನು ಮರೆಯುವುದು ವಿಚಿತ್ರ.

ಪ್ರೋಟೀನಿನ ಮೇಲೆ ಕೋಶ ಹುಡುಕುವುದು ಒಂದು ಚಿಕ್ಕ ಹಿಡಿಕೆಯನ್ನು. ಅರ್ಜಿನೀನ್, ಗ್ಲೈಸೀನ್, ಆಸ್ಪಾರ್ಟಿಕ್ ಆಮ್ಲ ಎಂಬ ಮೂರೇ ಅಮೈನೋ ಆಮ್ಲಗಳ ಸಾಲು ಅದು, 1984ರಲ್ಲಿ ಗುರುತಾಯಿತು. ಕೋಶದ ಹೊರಪೊರೆಯಲ್ಲಿರುವ ಇಂಟೆಗ್ರಿನ್ ಎಂಬ ಕೊಕ್ಕೆಗಳು ಅದನ್ನು ಹಿಡಿಯುತ್ತವೆ. ಹಿಡಿತ ಬಿಗಿಯಾದರೆ ಕೋಶದೊಳಗಿನ ನಾರುಗಳು ಸೆಳೆತಕ್ಕೊಳಗಾಗುತ್ತವೆ, ಸಂಕೇತಗಳು ಕೋಶಕೇಂದ್ರದ ತನಕ ಹೋಗಿ ಮೂಳೆ ಕಟ್ಟುವ ಜೀನುಗಳ ಮುಖ್ಯ ಕೀಲಿಯಾದ ರನ್ಎಕ್ಸ್2 ತಿರುಗುತ್ತದೆ. ಅಮೆರಿಕದ ಜಾರ್ಜಿಯಾ ಟೆಕ್‌ನ ಆಂಡ್ರೆಸ್ ಗಾರ್ಸಿಯಾ ಅವರ ತಂಡ 2005ರಲ್ಲಿ ಪ್ರಕಟಿಸಿದ ಕೆಲಸವನ್ನು ನಾನು ಈ ವಾದದ ನಡುಗಂಬವೆಂದು ಎಣಿಸುತ್ತೇನೆ. ನಾಲ್ಕು ಬಗೆಯ ರಾಸಾಯನಿಕ ತುದಿಗಳಿರುವ ನಾಲ್ಕು ಮೇಲ್ಮೈಗಳು: ಧನಾವೇಶದ ಅಮೈನ್, ಋಣಾವೇಶದ ಕಾರ್ಬಾಕ್ಸಿಲ್, ಆವೇಶವಿಲ್ಲದ ಹೈಡ್ರಾಕ್ಸಿಲ್, ಆವೇಶವೂ ಇಲ್ಲದ ನೀರಿಗೂ ಒಗ್ಗದ ಮೀಥೈಲ್. ಎಲ್ಲಕ್ಕೂ ಫೈಬ್ರೊನೆಕ್ಟಿನ್ ಬಳಿದು ಎಳೆಯ ಮೂಳೆಕೋಶಗಳನ್ನು ಬಿತ್ತಿದರು. ಚೆನ್ನಾಗಿ ಬಲಿತದ್ದು ಅಮೈನ್ ಮತ್ತು ಹೈಡ್ರಾಕ್ಸಿಲ್ ಮೇಲ್ಮೈಗಳ ಮೇಲೆ. ಒಂದಕ್ಕೆ ಧನಾವೇಶ, ಇನ್ನೊಂದಕ್ಕೆ ಆವೇಶವೇ ಇಲ್ಲ, ಫಲ ಒಂದೇ. ಎರಡಕ್ಕೂ ಸಮಾನವಾದದ್ದು, ಅಂಟಿದ ಫೈಬ್ರೊನೆಕ್ಟಿನ್ ಯಾವ ಭಂಗಿಯಲ್ಲಿ ಬಿಚ್ಚಿಕೊಂಡಿತು, ಅದರಿಂದ ಯಾವ ಜಾತಿಯ ಇಂಟೆಗ್ರಿನ್‌ಗೆ ಹಿಡಿಕೆ ಸಿಕ್ಕಿತು ಎಂಬುದು. ಬೀಟಾ1 ಬಗೆಯ ಕೊಕ್ಕೆಗಳನ್ನು ಪ್ರತಿಕಾಯಗಳಿಂದ ಕಟ್ಟಿಹಾಕಿದಾಗ ಕೋಶಗಳು ಬಲಿಯುವುದು ಕುಂಠಿತವಾಯಿತು. ಮೇಲ್ಮೈ ಅದೇ, ಆವೇಶವೂ ಅದೇ. ದುಬಾಷಿಯ ಮಾತು ಕೇಳುವ ಕಿವಿ ಮುಚ್ಚಿದ್ದಷ್ಟೇ.

ಇದನ್ನು ಒಪ್ಪಿಕೊಂಡರೆ ಧನ ಋಣಗಳ ಹಳೆಯ ಜಗಳ ತಾನಾಗಿ ಸಡಿಲವಾಗುತ್ತದೆ. ಋಣದ ಪಕ್ಷದಲ್ಲಿ ಯಮಾಶಿತ, ಬೋಸ್ ಇದ್ದಾರೆ. ಧನದ ಪಕ್ಷವೂ ದುರ್ಬಲವಲ್ಲ. 2006ರಲ್ಲಿ ಬ್ರಿಟನ್ನಿನ ಜೂಡಿತ್ ಕರನ್, ಜಾನ್ ಹಂಟ್ ಮತ್ತು ಸಂಗಡಿಗರು ಮಾನವ ಆಕರಕೋಶಗಳನ್ನು ಬೇರೆಬೇರೆ ರಾಸಾಯನಿಕ ತುದಿಗಳ ಗಾಜಿನ ಮೇಲೆ ಬೆಳೆಸಿದಾಗ ಮೂಳೆಯತ್ತ ತಳ್ಳಿದವುಗಳಲ್ಲಿ ಧನಾವೇಶದ ಅಮೈನ್ ಒಂದು. ಋಣಾವೇಶದ ಕಾರ್ಬಾಕ್ಸಿಲ್ ಮೃದ್ವಸ್ಥಿಯತ್ತ ತಳ್ಳಿತು. ಎರಡೂ ಸಾಲುಗಳ ಪ್ರಯೋಗಗಳನ್ನು ನಂಬಬಹುದು. ಧನ ಮೇಲ್ಮೈ, ರಕ್ತದಲ್ಲಿ ಋಣವಾಗಿಯೇ ಅಲೆಯುವ ಫೈಬ್ರೊನೆಕ್ಟಿನ್, ಆಲ್ಬುಮಿನ್‌ಗಳನ್ನು ನೇರವಾಗಿ ಸೆಳೆದುಕೊಳ್ಳುತ್ತದೆ. ಋಣ ಮೇಲ್ಮೈ ಮೊದಲು ಕ್ಯಾಲ್ಸಿಯಂ ಅಯಾನುಗಳನ್ನು ಕರೆದು ಕೂರಿಸುತ್ತದೆ. ಎರಡು ಧನಾವೇಶ ಹೊತ್ತ ಕ್ಯಾಲ್ಸಿಯಂ ಒಂದು ಕೈಯಲ್ಲಿ ಮೇಲ್ಮೈಯನ್ನೂ ಇನ್ನೊಂದು ಕೈಯಲ್ಲಿ ಪ್ರೋಟೀನನ್ನೋ ಫಾಸ್ಫೇಟನ್ನೋ ಹಿಡಿದು ಸೇತುವೆಯಾಗುತ್ತದೆ. ಹೈಡ್ರಾಕ್ಸಿಅಪಟೈಟ್‌ನಂಥ ಖನಿಜದ ಮೇಲೆ, ಕ್ಯಾಲ್ಸಿಯಂ ತುಂಬಿದ ದ್ರಾವಣದಲ್ಲಿ, ಎರಡನೆಯ ದಾರಿ ಹತ್ತಿರದ್ದು. ತೆಳು ರಾಸಾಯನಿಕ ಪದರ ಬಳಿದ ಗಾಜಿನ ಮೇಲೆ ಮೊದಲನೆಯದು ಹತ್ತಿರ. ಯಾವ ದಾರಿಯಲ್ಲಿ ಹೋದರೂ ಸಂತೆ ಒಂದೇ.

ಸಂತೆ ತಲುಪಿದ ಕೋಶಕ್ಕೆ ಏನಾಗುತ್ತದೆ ಎಂಬುದಕ್ಕೆ ಇನ್ನೊಂದು ಪ್ರಯೋಗವನ್ನು ಇಲ್ಲಿ ಕಟ್ಟಿಕೊಡಬೇಕು. ಅದರಲ್ಲಿ ವಿದ್ಯುತ್ತಿನ ಮಾತೇ ಇಲ್ಲ. 2004ರಲ್ಲಿ ಕ್ರಿಸ್ಟೋಫರ್ ಚೆನ್ ಅವರ ತಂಡ ಫೈಬ್ರೊನೆಕ್ಟಿನ್‌ನ ಪುಟ್ಟ ದ್ವೀಪಗಳನ್ನು ಅಚ್ಚೊತ್ತಿ ಒಂದೊಂದರ ಮೇಲೆ ಒಂದೊಂದೇ ಆಕರಕೋಶವನ್ನು ಕೂರಿಸಿತು. ಸುಮಾರು 1,000 ಚದರ ಮೈಕ್ರೋಮೀಟರಿನ ಇಕ್ಕಟ್ಟಿನ ದ್ವೀಪದಲ್ಲಿ ಮುದುಡಿ ಕುಳಿತ ಕೋಶ ಕೊಬ್ಬಿನ ಕೋಶವಾಯಿತು. 10,000 ಚದರ ಮೈಕ್ರೋಮೀಟರಿನ ದ್ವೀಪದಲ್ಲಿ ಮೈಚಾಚಿದ ಕೋಶ ಮೂಳೆಯ ದಾರಿ ಹಿಡಿಯಿತು. ಪೋಷಕ ದ್ರಾವಣ ಎರಡಕ್ಕೂ ಒಂದೇ. ಮೈಚಾಚಲು ಜಾಗವಿದೆಯೇ, ಹಿಡಿತ ಸಿಗುತ್ತದೆಯೇ, ಎಳೆದಾಗ ನೆಲ ಬಿಗಿಯಾಗಿ ನಿಲ್ಲುತ್ತದೆಯೇ: ಆಕರಕೋಶ ಕೇಳುವ ಪ್ರಶ್ನೆಗಳು ಇವು. ಆವೇಶ ಹೊತ್ತ ಮೇಲ್ಮೈ ಎರಡನೆಯ ಪ್ರಶ್ನೆಗೆ ಒಳ್ಳೆಯ ಉತ್ತರ ಒದಗಿಸಿಕೊಡುತ್ತದೆ. ಮೂರನೆಯದಕ್ಕೆ ಉತ್ತರಿಸುವುದು ವಸ್ತುವಿನ ಗಡಸುತನ. 2006ರಲ್ಲಿ ಆಡಂ ಎಂಗ್ಲರ್, ಡೆನ್ನಿಸ್ ಡಿಶರ್ ತೋರಿಸಿದಂತೆ ಮಿದುಳಿನಷ್ಟು ಮೆದುವಾದ ಜೆಲ್ಲಿಯ ಮೇಲೆ ಆಕರಕೋಶ ನರದ ಲಕ್ಷಣ ತಾಳಿದರೆ, ಗಡಸು ಜೆಲ್ಲಿಯ ಮೇಲೆ ಮೂಳೆಯದನ್ನು ತಾಳುತ್ತದೆ. ಆವೇಶ ಬದಲಿಸುವಾಗ ಅರಿವಿಲ್ಲದೆ ಗಡಸುತನವನ್ನೋ ಒರಟುತನವನ್ನೋ ಬದಲಿಸಿದ ಪ್ರಯೋಗಗಳು ಕಡಿಮೆಯೇನಿಲ್ಲ. ಅದಕ್ಕೇ ಆ ಬಿಳಿ ಬಿಲ್ಲೆಗೆ ಅಷ್ಟು ಬೆಲೆ.

ಇಷ್ಟಕ್ಕೆ ಗಂಭೀರವಾದ ಆಕ್ಷೇಪವೊಂದಿದೆ. ಕೋಶ ತಾನೇ ಒಂದು ವಿದ್ಯುತ್ ಯಂತ್ರ. ಅದರ ಪೊರೆಯ ಒಳಹೊರಗಿನ ನಡುವೆ ಹತ್ತಾರು ಮಿಲಿವೋಲ್ಟ್ ವ್ಯತ್ಯಾಸವಿದೆ. 2008ರಲ್ಲಿ ಟಫ್ಟ್ಸ್ ವಿಶ್ವವಿದ್ಯಾಲಯದ ಸಾರಾ ಸುಂಡೆಲಾಕ್ರೂಜ್, ಮೈಕೆಲ್ ಲೆವಿನ್, ಡೇವಿಡ್ ಕಪ್ಲಾನ್ ತೋರಿಸಿದಂತೆ ಮಾನವ ಆಕರಕೋಶ ಮೂಳೆಯೋ ಕೊಬ್ಬೋ ಆಗುವಾಗ ಆ ವ್ಯತ್ಯಾಸ ಹೆಚ್ಚುತ್ತದೆ. ಪೊಟ್ಯಾಸಿಯಂ ಹೆಚ್ಚಿಸಿ ಅದನ್ನು ಇಳಿಸಿಟ್ಟರೆ ಕೋಶ ರೂಪಾಂತರಗೊಳ್ಳಲು ಹಿಂಜರಿಯುತ್ತದೆ. ಹೀಗಿರುವಾಗ ಆವೇಶ ಹೊತ್ತ ಮೇಲ್ಮೈ ನೇರವಾಗಿ ಪೊರೆಯ ವೋಲ್ಟೇಜನ್ನೇ ತಿದ್ದಬಾರದೇಕೆ? ಈ ಆಸೆಗೆ ಇಂಬು ಕೊಟ್ಟ ಕೆಲಸ 2016ರಲ್ಲಿ ಚೀನಾದ ಪೀಕಿಂಗ್ ವಿಶ್ವವಿದ್ಯಾಲಯದಿಂದ ಬಂತು. ಬೇರಿಯಂ ಟೈಟನೇಟ್‌ನ ನ್ಯಾನೋಕಣಗಳನ್ನು ಪೀಜೋವಿದ್ಯುತ್ ಪ್ಲಾಸ್ಟಿಕ್ಕಿಗೆ ಬೆರೆಸಿ ತೆಳು ಹಾಳೆ ಮಾಡಿ, ಅದಕ್ಕೆ ಮೈನಸ್ 76.8 ಮಿಲಿವೋಲ್ಟ್ ತನಕ ಮೇಲ್ಮೈ ವಿಭವ ಬರಿಸಿ, ಇಲಿಗಳ ತಲೆಬುರುಡೆಯ ರಂಧ್ರಕ್ಕೆ ಮುಚ್ಚಿದರು. ಹನ್ನೆರಡು ವಾರಗಳಾದರೂ ಅರ್ಧಕ್ಕಿಂತ ಹೆಚ್ಚು ವಿಭವ ಉಳಿದಿತ್ತು, ರಂಧ್ರದಲ್ಲಿ ಬಲಿತ ಮೂಳೆ ಕಟ್ಟಿತ್ತು. ದೇಹದ ಸಹಜ ವಿದ್ಯುತ್ ಮಟ್ಟಕ್ಕೆ ಸರಿಹೊಂದಿಸಿದ್ದೇ ಕಾರಣವೆಂದು ಅವರ ವಿವರಣೆ. ಮೂಳೆ ಕಟ್ಟಿತು ಎಂಬುದನ್ನು ನಾನು ಒಪ್ಪುತ್ತೇನೆ. ವಿವರಣೆಯನ್ನು ಅಷ್ಟು ಸುಲಭವಾಗಿ ಒಪ್ಪಲಾರೆ. ಎಪ್ಪತ್ತು ಮಿಲಿವೋಲ್ಟ್ ಎಂಬುದು ಕೋಶದ ಪೊರೆಯಲ್ಲಿ ಏಳೆಂಟು ನ್ಯಾನೋಮೀಟರ್ ದಪ್ಪಕ್ಕೆ ಅಡ್ಡಲಾಗಿ ನಿಂತಿರುವ ವ್ಯತ್ಯಾಸ. ಮೀಟರಿಗೆ ಸುಮಾರು ಒಂದು ಕೋಟಿ ವೋಲ್ಟಿನಷ್ಟು ಪ್ರಬಲ ಕ್ಷೇತ್ರ. ಅಯಾನುಗಳ ಕಂಬಳಿಯಡಿ ಮುಚ್ಚಿದ ಹಾಳೆಯ ವಿಭವಕ್ಕೆ ಅದನ್ನು ಅಲುಗಾಡಿಸುವ ತ್ರಾಣವಿಲ್ಲ. ಅಂಕಿ ಅಂಕಿಗೆ ಹೊಂದಿದ ಮಾತ್ರಕ್ಕೆ ಕಾರಣ ಸಿಕ್ಕಂತಲ್ಲ, ಜಾತಕ ಕೂಡಿದ ಮಾತ್ರಕ್ಕೆ ಸಂಸಾರ ನಡೆಯುವುದಿಲ್ಲವಲ್ಲ. ಪೊರೆಯ ವೋಲ್ಟೇಜು ಬದಲಾಗುವುದು ಇಂಟೆಗ್ರಿನ್ ಹಿಡಿತದ ಮೂಲಕ, ಮೇಲ್ಮೈಯ ಬಳಿ ಕ್ಯಾಲ್ಸಿಯಂ ಹೆಚ್ಚುಕಡಿಮೆಯಾಗುವುದರ ಮೂಲಕ ಎಂದರೆ ಲೆಕ್ಕ ಕೂಡುತ್ತದೆ; ಆಗಲೂ ದುಬಾಷಿಗಳೇ ನಡುವೆ ಇರುತ್ತಾರೆ.

ಅಪವಾದಕ್ಕೆ ಜಾಗವಿರುವುದು ಒಂದೇ ಕಡೆ: ಆವೇಶ ಅಲುಗಾಡುತ್ತಿರುವಾಗ. ಪೀಜೋವಿದ್ಯುತ್ ವಸ್ತುವನ್ನು ಮತ್ತೆಮತ್ತೆ ಒತ್ತಿ ಬಿಟ್ಟರೆ ಪ್ರತಿ ಸಲವೂ ಆವೇಶ ಹೊಸದಾಗಿ ಏರಿಳಿಯುತ್ತದೆ, ಕಂಬಳಿ ಹೊದೆಸುವ ಅಯಾನುಗಳು ಪ್ರತಿ ಸಲವೂ ಹಿಂದೆಮುಂದೆ ಓಡಬೇಕಾಗುತ್ತದೆ. ಪೋರ್ಚುಗಲ್ಲಿನ ಮಿನ್ಯು ವಿಶ್ವವಿದ್ಯಾಲಯದ ಕ್ಲಾರಿಸ್ ರಿಬೇರೊ, ಸೆನೆಂಚು ಲಾನ್ಸೆರೊಸ್-ಮೆಂಡೆಸ್ ಮತ್ತು ಸಂಗಡಿಗರು 2015ರಲ್ಲಿ ಕೊಬ್ಬಿನಿಂದ ತೆಗೆದ ಮಾನವ ಆಕರಕೋಶಗಳನ್ನು ಇಂಥ ಪ್ಲಾಸ್ಟಿಕ್ ಹಾಳೆಯ ಮೇಲೆ ಕಂಪನ ಕೊಟ್ಟು ಬೆಳೆಸಿದಾಗ ಮೂಳೆಯತ್ತ ಒಲವು ಹೆಚ್ಚಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಿಕ್ರಮ್‌ಜಿತ್ ಬಸು ಅವರ ತಂಡ ಹಲವು ವರ್ಷ ಹಿಡಿದ ದಾರಿ ಇದಕ್ಕೆ ನೆಂಟಸ್ತನದ್ದು. ಹೈಡ್ರಾಕ್ಸಿಅಪಟೈಟ್‌ಗೆ ಬೇರಿಯಂ ಟೈಟನೇಟ್, ಕ್ಯಾಲ್ಸಿಯಂ ಟೈಟನೇಟ್ ಬೆರೆಸಿ ಅದರ ವಿದ್ಯುತ್ ಗುಣವನ್ನು ತಿದ್ದುವುದು, ಅದರ ಮೇಲೆ ಮಾನವ ಆಕರಕೋಶ ಬೆಳೆಸಿ ಬಿಟ್ಟುಬಿಟ್ಟು ವಿದ್ಯುತ್ ಕ್ಷೇತ್ರ ಕೊಡುವುದು. ವಸ್ತುವಿನ ವಾಹಕತೆ ಮತ್ತು ಕ್ಷೇತ್ರ ಎರಡೂ ಕೂಡಿದಾಗಲೇ ಫಲ ಹೆಚ್ಚು ಎಂಬುದು ಅವರ ಕಾಣ್ಕೆ. ನಿಂತ ಆವೇಶಕ್ಕೂ ನಡೆದಾಡುವ ಆವೇಶಕ್ಕೂ ಇರುವ ಅಂತರವನ್ನು ಇಷ್ಟು ಗಂಭೀರವಾಗಿ ಎಣಿಸುವ ತಂಡಗಳು ಹೆಚ್ಚಿದರೆ ಒಳ್ಳೆಯದು. ಹಾಗಿದ್ದರೂ, ಸಹಜ ಮೂಳೆಯೇ ಈ ವಿದ್ಯುತ್ತನ್ನು ಕೇಳಿಸಿಕೊಂಡು ಬೆಳೆಯುತ್ತದೆ ಎಂದು ಇದರಿಂದ ಸಾಬೀತಾಗುವುದಿಲ್ಲ. 2010ರಲ್ಲಿ ಪತ್ತೆಯಾದ ಪೀಜೋ1 ಎಂಬ ಪೊರೆಯ ಬಾಗಿಲು ಒತ್ತಡ ಬಿದ್ದೊಡನೆ ತೆರೆದುಕೊಳ್ಳುತ್ತದೆ, ಮೂಳೆಕೋಶಗಳಲ್ಲೂ ಅದಿದೆ. ಅದನ್ನು ಕಂಡ ಆರ್ಡೆಮ್ ಪಟಪೂಟಿಯನ್ 2021ರ ನೊಬೆಲ್‌ನಲ್ಲಿ ಪಾಲು ಪಡೆದರು. ಭಾರದ ಸುದ್ದಿ ತಿಳಿಯಲು ಮೂಳೆಗೆ ಬೇರೆ ಕಿವಿಗಳಿವೆ. ಹಾಗೆಂದು, ಮೂಳೆ ಬಳಸದ ಸಾಧನವನ್ನು ಎಂಜಿನಿಯರು ಬಳಸಬಾರದು ಎಂದೇನೂ ಇಲ್ಲ.

ಇನ್ನು ಸಾಕ್ಷ್ಯವನ್ನೇ ಹಾಳುಮಾಡುವ ಒಂದು ಸಣ್ಣ ವಿಷಯ. ಆಕರಕೋಶ ಮೂಳೆ ಕಟ್ಟಿತೇ ಎಂದು ನೋಡಲು ಮೂರ್ನಾಲ್ಕು ವಾರಗಳ ಬಳಿಕ ತಟ್ಟೆಗೆ ಅಲಿಜರಿನ್ ಎಂಬ ಕೆಂಪು ಬಣ್ಣ ಸುರಿದು ತೊಳೆಯುತ್ತಾರೆ. ಕ್ಯಾಲ್ಸಿಯಂ ಇದ್ದಲ್ಲಿ ದಾಳಿಂಬೆ ಕಾಳು ಚೆಲ್ಲಿದಂತೆ ಕೆಂಪು ಉಳಿಯುತ್ತದೆ. ನೋಡಲು ಚೆಂದ, ಪತ್ರಿಕೆಗಳ ಚಿತ್ರಗಳಲ್ಲಿ ಇನ್ನೂ ಚೆಂದ. ಆದರೆ ಈ ಬಣ್ಣಕ್ಕೆ ಬೇಕಿರುವುದು ಕ್ಯಾಲ್ಸಿಯಂ. ಅದನ್ನು ಕೋಶ ಕಟ್ಟಿತೋ ತಾನಾಗಿ ಕಟ್ಟಿತೋ ಎಂಬುದು ಅದಕ್ಕೆ ಬೇಕಿಲ್ಲ. ಋಣ ಮೇಲ್ಮೈ ಕೋಶಗಳೇ ಇಲ್ಲದೆ ಹರಳು ಕಟ್ಟಿಸುತ್ತದೆ ಎಂದು ಯಮಾಶಿತ 1996ರಲ್ಲೇ ತೋರಿಸಿದ್ದಾರೆ. ಜೊತೆಗೆ ಮೂಳೆಗೆ ಪ್ರಚೋದಿಸುವ ದ್ರಾವಣದಲ್ಲಿ ಬೀಟಾ ಗ್ಲಿಸೆರೊಫಾಸ್ಫೇಟ್ ಇರುತ್ತದೆ. ಅದು ಒಡೆದು ಬಿಡುಗಡೆಯಾಗುವ ಫಾಸ್ಫೇಟು ಕ್ಯಾಲ್ಸಿಯಂ ಜೊತೆ ಸೇರಿ ಅಡ್ಡಾದಿಡ್ಡಿಯಾಗಿ ಕೂರಬಲ್ಲದು. ಹಾಗಾಗಿ ಋಣ ಮೇಲ್ಮೈಯ ಪ್ರಯೋಗವೊಂದನ್ನು ಓದುವಾಗ ನಾನು ಮೊದಲು ಹುಡುಕುವುದು ಕೋಶವಿಲ್ಲದ ತಟ್ಟೆಯನ್ನು: ಅದೇ ವಸ್ತು, ಅದೇ ದ್ರಾವಣ, ಅಷ್ಟೇ ವಾರ, ಕೋಶ ಮಾತ್ರ ಇಲ್ಲ. ಆ ತಟ್ಟೆಯೂ ಕೆಂಪಾಗಿದ್ದರೆ ಉಳಿದ ಕೆಂಪಿಗೆ ಬೆಲೆ ಕಟ್ಟುವಾಗ ಎಚ್ಚರ ಬೇಕು. ಆ ತಟ್ಟೆಯೇ ಇಲ್ಲದಿದ್ದರೆ ಇನ್ನೂ ಎಚ್ಚರ ಬೇಕು. ಖನಿಜ ತಾನಾಗಿ ಕಟ್ಟಿದರೆ ರೋಗಿಗೆ ನಷ್ಟವೇನು ಎಂದು ಕೇಳಬಹುದು. ನಷ್ಟವಿಲ್ಲ, ಆ ಪದರ ಕೋಶಗಳಿಗೆ ಹಿತವಾದ ಹಾಸೇ ಆದೀತು. ಆದರೆ ಅದನ್ನು ಆಕರಕೋಶದ ಸಾಧನೆಯೆಂದು ಬರೆಯಬಾರದು.

ದುಬಾಷಿಯೇ ಮುಖ್ಯವೆಂದಾದರೆ ಮೇಲ್ಮೈ ದುಬಾಷಿಯನ್ನು ಸ್ವಾಗತಿಸುವ ಸ್ಥಿತಿಯಲ್ಲಿ ಇದೆಯೇ ಎಂಬುದೂ ಅಷ್ಟೇ ಮುಖ್ಯವಾಗುತ್ತದೆ. ಇದನ್ನು ಹಲ್ಲಿನ ಕಸಿಗೆ ಬಳಸುವ ಟೈಟಾನಿಯಂನಲ್ಲಿ ಕಣ್ಣಾರೆ ಕಾಣಬಹುದು. ಹೊಸದಾಗಿ ಆಮ್ಲದಲ್ಲಿ ತೊಳೆದ ಟೈಟಾನಿಯಂ ಮೇಲೆ ಒಂದು ತೊಟ್ಟು ನೀರು ಬಿಟ್ಟರೆ ಎಲೆಯ ಮೇಲೆ ತುಪ್ಪ ಹರಿದಂತೆ ಹರಡಿಹೋಗುತ್ತದೆ. ಅದೇ ತುಂಡನ್ನು ನಾಲ್ಕು ವಾರ ಮುಚ್ಚಿಟ್ಟು ತೆಗೆದರೆ ತೊಟ್ಟು ಕೆಸುವಿನೆಲೆಯ ಮೇಲಿನಂತೆ ಗುಂಡಗೆ ನಿಲ್ಲುತ್ತದೆ. ಗಾಳಿಯಲ್ಲಿರುವ ಇಂಗಾಲದ ಸಂಯುಕ್ತಗಳು ಅಷ್ಟರಲ್ಲಿ ಮೇಲ್ಮೈಗೆ ಕವಿದಿರುತ್ತವೆ. ಪ್ರೋಟೀನೂ ಕೋಶವೂ ಮೊದಲಿನಷ್ಟು ಅಂಟುವುದಿಲ್ಲ. ಲಾಸ್ ಏಂಜಲೀಸ್‌ನ ತಕಾಹಿರೊ ಒಗಾವ ಅವರ ತಂಡ ಅಂಥ ಹಳೆಯ ತುಂಡಿಗೆ ಅತಿನೇರಳೆ ಬೆಳಕು ಹಾಯಿಸಿ ಕವಿದದ್ದನ್ನು ಕಳಚಿತು. ಮೇಲ್ಮೈ ಧನದತ್ತ ತಿರುಗಿ ಪ್ರೋಟೀನನ್ನು ನೇರವಾಗಿ ಸೆಳೆಯತೊಡಗಿತು. 2009ರ ಅವರ ವರದಿಯ ಪ್ರಕಾರ ಇಲಿಗಳಲ್ಲಿ ಮೂಳೆ ಮತ್ತು ಲೋಹದ ನಡುವಿನ ಸಂಪರ್ಕ ಶೇ 55ಕ್ಕೂ ಕಡಿಮೆ ಇದ್ದದ್ದು ಶೇ 98ರ ತನಕ ಏರಿತು. ಆ ಲೋಹಕ್ಕೆ ಯಾರೂ ಸಾವಿರ ವೋಲ್ಟು ಹಾಯಿಸಲಿಲ್ಲ, ಪೀಜೋ ಕಣ ಬೆರೆಸಲಿಲ್ಲ. ಒಂದು ದೀಪ, ಒಂದು ಮುಚ್ಚಿದ ಪೆಟ್ಟಿಗೆ. ವಿದ್ಯುತ್ ವಸ್ತುಗಳ ದೊಡ್ಡ ಭರವಸೆಗಳಿನ್ನೂ ಇಲಿಯ ತಲೆಬುರುಡೆಯ ಐದಾರು ಮಿಲಿಮೀಟರ್ ರಂಧ್ರ ದಾಟುವ ಹಾದಿಯಲ್ಲಿರುವಾಗ, ದಂತವೈದ್ಯರ ಕುರ್ಚಿಯ ಪಕ್ಕ ಇಡಬಹುದಾದಷ್ಟು ಚಿಕ್ಕ ದೀಪದ ಪೆಟ್ಟಿಗೆಗಳು ಆಗಲೇ ಬಂದಿವೆ. ಕಸಿಯ ಪೊಟ್ಟಣ ಬಿಚ್ಚಿ, ಬೆಳಕಿಗೆ ಹಿಡಿದು, ಮತ್ತೆ ಮಬ್ಬು ಕವಿಯುವ ಮೊದಲೇ ದವಡೆಗೆ ಕೂರಿಸಬೇಕು.